ವಾ ಪೆಡಲಿಗೆ ಮೊದಲು ಕಾಲು, ಆಮೇಲೆ ಕಿವಿ

ಗಿಟಾರಿನ ಸದ್ದನ್ನು ಬಾಯಿ ತೆರೆದು ಮುಚ್ಚಿದಂತೆ ಮಾತಾಡಿಸುವ ವಾ ಡಿಜಿಟಲ್ ಪ್ರೊಸೆಸರಿನಲ್ಲಿ ಸರಿಯಾಗಿ ಬರುವುದಿಲ್ಲ, ಅದಕ್ಕೆ ಹಳೆಯ ಪೆಡಲೇ ಬೇಕು ಎಂಬ ಮಾತು ನಮ್ಮ ರಸಮಂಜರಿ ವೇದಿಕೆಗಳ ಗಿಟಾರಿಸ್ಟರಲ್ಲಿ ಬೇರೂರಿಬಿಟ್ಟಿದೆ. ನಾನೂ ಬಹುಕಾಲ ಅದನ್ನೇ ಹಟದಿಂದ ಸಾಧಿಸಿದವನು. ಆ ಹಟ ತಪ್ಪಾಗಿತ್ತು, ಮತ್ತು ಆ ತಪ್ಪಿನಿಂದ ಒಳ್ಳೆಯ ಹಾಡುಗಳು ಕೆಟ್ಟಿವೆ ಎಂಬುದು ನನಗೆ ಇಂದಿಗೂ ಚುಚ್ಚುವ ಸಂಗತಿ. ಪೆಟ್ಟಿಗೆಯೊಳಗಿನ ಲೆಕ್ಕಾಚಾರದಲ್ಲಿ ದೋಷ ಇರುವುದು ಅಪರೂಪ. ದೋಷ ಇರುವುದು ಪೆಡಲಿನ ಹಾದಿಗೂ ಕಾಲಿಗೂ ತಾಳೆಯಾಗದಿರುವುದರಲ್ಲಿ. ನಾವು ಧ್ವನಿ ಕೆಟ್ಟಿದೆ ಎಂದು ಮಾಡೆಲ್ ಬದಲಿಸುತ್ತೇವೆ, ಡಿಸ್ಟಾರ್ಷನ್ ಬದಲಿಸುತ್ತೇವೆ, ಕೊನೆಗೆ ಪ್ರೊಸೆಸರನ್ನೇ ಬದಲಿಸುತ್ತೇವೆ. ಕಾಲು ಮಾತ್ರ ಹಳೆಯ ತಪ್ಪನ್ನೇ ಮಾಡುತ್ತಿರುತ್ತದೆ.

ವಾ ರೂಪ ಪಡೆದದ್ದೇ ಕಾಲಿನ ಕೆಳಗೆ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್, ವಾಕ್ಸ್ ಆಂಪ್ಲಿಫೈಯರಿನಲ್ಲಿ ಮಧ್ಯಸ್ವರಗಳನ್ನು ಎತ್ತಿಕೊಡುವ ಸ್ವಿಚ್ಚಿನ ಬದಲು ತಿರುಗಿಸುವ ಪಾಟ್ (ಪೊಟೆನ್ಷಿಯೊಮೀಟರ್) ಕೂರಿಸಲು ಹೊರಟಿದ್ದರು. ಅದನ್ನು ತಿರುಗಿಸಿದಾಗ ಬಂದ ಧ್ವನಿ ಹಿಡಿಸಿತು. ಆ ಸರ್ಕ್ಯೂಟನ್ನು ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಹಾಕಿದರು. ಮರುವರ್ಷ ಅದು ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕರ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಒಳಗೆ ಇರುವುದು ಒಂದೇ ಕೆಲಸ: ಕೆಲವು ಕಂಪನಗಳನ್ನು ಮಾತ್ರ ಶಿಖರದ ಹಾಗೆ ಎತ್ತಿ ಹಿಡಿದು, ಆ ಶಿಖರವನ್ನು ಸುಮಾರು 400 ಹರ್ಟ್ಸ್‌ನಿಂದ 2000 ಹರ್ಟ್ಸ್‌ವರೆಗೆ ಹಿಂದಕ್ಕೆ ಮುಂದಕ್ಕೆ ಜಾರಿಸುವುದು. ಗಿಟಾರಿನ ಆರನೇ ತಂತಿಯ ಮೂಲ ಕಂಪನ 82 ಹರ್ಟ್ಸ್ ಮಾತ್ರ. ಹಾಗಾಗಿ ದಪ್ಪ ತಂತಿಯಲ್ಲಿ ವಾ ಹಿಡಿಯುವುದು ಸ್ವರವನ್ನಲ್ಲ, ಅದರ ಉಪಸ್ವರಗಳನ್ನು. ನಮ್ಮ ಬಾಯಿ ಮಾಡುವುದೂ ಇದನ್ನೇ. ತುಟಿ ದುಂಡಗೆ ಮಾಡಿ 'ಊ' ಎಂದು ಹಿಡಿದು ಮೆಲ್ಲಗೆ 'ಆ'ದ ಕಡೆಗೆ ತೆರೆಯಿರಿ, ನಡುವೆ ವಾ ತಾನಾಗಿ ಹುಟ್ಟುತ್ತದೆ. ಸು ಮತ್ತು ಆಗತ ಸೇರಿ ಸ್ವಾಗತವಾಗುತ್ತದೆಂದು ಶಾಲೆಯಲ್ಲಿ ಕಲಿತ ಯಣ್ ಸಂಧಿಯೇ ಈ ಪೆಡಲಿನ ವ್ಯಾಕರಣ. ಉಕಾರವೂ ಬೇಕು, ಆಕಾರವೂ ಬೇಕು. ಒಂದು ಕಾಣೆಯಾದರೆ ಸಂಧಿಯೇ ಇಲ್ಲ.

ಕಾಣೆಯಾಗುವುದು ಹೇಗೆಂದು ಲೆಕ್ಕ ಹಾಕಿ ನೋಡೋಣ. ಎಕ್ಸ್‌ಪ್ರೆಷನ್ ಪೆಡಲ್ ತನ್ನ ಸ್ಥಾನವನ್ನು ಪ್ರೊಸೆಸರಿಗೆ ಸಂಖ್ಯೆಯಾಗಿ ಹೇಳುತ್ತದೆ. ಮಿಡಿ ಪದ್ಧತಿಯಲ್ಲಿ ಅದು 0ಯಿಂದ 127. ಕ್ಯಾಲಿಬ್ರೇಷನ್ ಮಾಡದ, ಅಂದರೆ ಹಾದಿಯ ಎರಡು ತುದಿಗಳನ್ನು ಪ್ರೊಸೆಸರಿಗೆ ತಿಳಿಸದ, ಪೆಡಲ್ ಹಿಮ್ಮಡಿ ಪೂರ್ತಿ ಇಳಿಸಿದರೂ 15 ಎನ್ನುತ್ತದೆ, ಮುಂಗಾಲು ಪೂರ್ತಿ ಒತ್ತಿದರೂ 90 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಆಗ 400ರಿಂದ 2000ದ ಹಾದಿ ಸುಮಾರು 590ರಲ್ಲಿ ಶುರುವಾಗಿ 1530ರಲ್ಲೇ ನಿಂತುಬಿಡುತ್ತದೆ. ಕೆಳಗಿನ ಊ ಹೋಯಿತು, ಮೇಲಿನ ತೆರವೂ ಹೋಯಿತು. ಉಳಿದದ್ದು ಮೂಗಿನಲ್ಲಿ ಮಾತಾಡಿದಂಥ ಧ್ವನಿ. ಅದನ್ನೇ ನಾವು ಡಿಜಿಟಲ್ ಸದ್ದು ಎಂದು ಬೈಯುತ್ತೇವೆ. ಹೊರಗಿನ ಪೆಡಲ್ ಜೋಡಿಸುವವರಿಗೆ ಇನ್ನೊಂದು ತೊಡಕಿದೆ. ಮೂರು ಭಾಗದ ಜಾಕಿನಲ್ಲಿ ತುದಿಗೆ ಯಾವ ತಂತಿ, ಉಂಗುರಕ್ಕೆ ಯಾವ ತಂತಿ ಎಂಬುದರಲ್ಲಿ ತಯಾರಕರು ಒಮ್ಮತಕ್ಕೆ ಬಂದಿಲ್ಲ. ಹೊಂದದ ಪೆಡಲಿನಲ್ಲಿ ಹಾದಿಯೆಲ್ಲ ಒಂದು ತುದಿಗೆ ಮುದುಡಿಕೊಂಡು, ಬೆರಳಗಲ ಚಲನೆಯಲ್ಲೇ ಎಲ್ಲ ಮುಗಿದುಹೋಗುತ್ತದೆ.

ಕ್ಯಾಲಿಬ್ರೇಷನ್ ಸರಿಯಿದ್ದರೂ ಹಾದಿಯ ಹಂಚಿಕೆ ಬೇರೆ ಪ್ರಶ್ನೆ. ಪ್ರೊಸೆಸರ್ ಆ 1600 ಹರ್ಟ್ಸ್‌ಗಳನ್ನು ಪೆಡಲಿನ ಉದ್ದಕ್ಕೂ ಸಮವಾಗಿ ಹಂಚಿದರೆ ನಡುಬಿಂದು 1200 ಆಗುತ್ತದೆ. ಆದರೆ ಕಿವಿ ಕಂಪನಗಳನ್ನು ಅಳೆಯುವುದು ಕೂಡಿಕೆಯಿಂದಲ್ಲ, ಗುಣಾಕಾರದಿಂದ. 400ರಿಂದ 2000ಕ್ಕೆ ಕಿವಿಯ ನಡುಬಿಂದು ಸುಮಾರು 894. ಸಮ ಹಂಚಿಕೆಯಲ್ಲಿ ಅದು ಪೆಡಲಿನ ಮೊದಲ ಮೂರನೇ ಒಂದು ಭಾಗದೊಳಗೇ ಬಂದುಹೋಗುತ್ತದೆ. ಅಂದರೆ ಹಿಮ್ಮಡಿ ತುಸು ಎತ್ತುವಷ್ಟರಲ್ಲಿ ಅರ್ಧ ವಾ ಖರ್ಚಾಗಿರುತ್ತದೆ, ಮಿಕ್ಕ ದಾರಿಯಲ್ಲಿ ಕಾಲು ಎಷ್ಟು ಆಡಿದರೂ ಬಣ್ಣ ಅಷ್ಟಾಗಿ ಬದಲಾಗದು. ಹಳೆಯ ಪೆಡಲುಗಳ ಪಾಟ್ ಇದಕ್ಕಾಗಿಯೇ ನೇರ ಏರಿಕೆಯದ್ದಾಗಿರದೆ, ಬದಲಾವಣೆ ನಡುದಾರಿಯಲ್ಲಿ ಒಟ್ಟಾಗಿ ಸಿಗುವಂತೆ ಮಾಡಿದ್ದಾಗಿತ್ತು. ಹಳೆಯ ಪೆಡಲನ್ನು ಹೊಗಳುವವರು ಟ್ರಾನ್ಸಿಸ್ಟರ್, ಇಂಡಕ್ಟರ್ ಎಂದು ಹೇಳುವ ಗುಣದಲ್ಲಿ ದೊಡ್ಡ ಪಾಲು ಈ ಪಾಟಿನದು ಎಂದೇ ನನ್ನ ತೀರ್ಮಾನ. ಪ್ರೊಸೆಸರಿನಲ್ಲಿ ಟೇಪರ್ ಅಥವಾ ಕರ್ವ್ ಎಂಬ ಆಯ್ಕೆ ಇದ್ದರೆ ಮೊದಲು ತೆರೆಯಬೇಕಾದದ್ದು ಅದನ್ನೇ. ಇಲ್ಲದಿದ್ದರೆ ಮೇಲಿನ ಮಿತಿಯನ್ನು 1500ರ ಸುತ್ತ ಇಳಿಸಿದರೆ ಹಾದಿ ಸಾಕಷ್ಟು ಹದಕ್ಕೆ ಬರುತ್ತದೆ.

128 ಮೆಟ್ಟಿಲುಗಳಲ್ಲಿ ನುಣುಪಾದ ಜಾರು ಹೇಗೆ ಬಂದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಸಮ ಹಂಚಿಕೆಯಲ್ಲಿ ಒಂದು ಮೆಟ್ಟಿಲು ಹನ್ನೆರಡೂವರೆ ಹರ್ಟ್ಸ್. 400ರ ಬಳಿ ಅದು ಅರ್ಧ ಸೆಮಿಟೋನಿನಷ್ಟು, ನಿಧಾನಗತಿಯ ಹಾಡಿನಲ್ಲಿ ಎಚ್ಚರದ ಕಿವಿಗೆ ಸಿಕ್ಕರೂ ಸಿಗಬಹುದು. ಕಿವಿಯ ಅಳತೆಗೆ ತಕ್ಕಂತೆ ಹಂಚಿದರೆ ಅದೇ ಮೆಟ್ಟಿಲು ಸೆಮಿಟೋನಿನ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಅಲ್ಲದೆ ಕ್ಯಾಲಿಬ್ರೇಷನ್ ಇಲ್ಲದೆ 75 ಮೆಟ್ಟಿಲಲ್ಲೇ ಓಡಾಡುತ್ತಾ ಉಳಿದ 52ನ್ನು ಬಿಟ್ಟವರು ಮೆಟ್ಟಿಲು ಸಾಲದೆಂದು ದೂರುವುದು ಸರಿಯಲ್ಲ.

ಇಷ್ಟಾದರೂ ವೇದಿಕೆಯಲ್ಲಿ ಎದೆ ಒಡೆಯುವ ಗಳಿಗೆಯೊಂದಿದೆ. ಅದು ವಾ ಮುಗಿದ ಮೇಲೆ ಬರುತ್ತದೆ. ಪೆಡಲ್ ಇರುವುದು ಒಂದೇ, ಮುಂಗಾಲಿನ ಸ್ವಿಚ್ ಒತ್ತಿದರೆ ವಾ, ಇನ್ನೊಮ್ಮೆ ಒತ್ತಿದರೆ ವಾಲ್ಯೂಮ್. ಸೋಲೋದ ಕೊನೆಯ ಸ್ವರ ಎಳೆದು, ಮುಂಗಾಲಿಗೆ ಭಾರ ಹಾಕಿ ಸ್ವಿಚ್ ಒತ್ತಿ ವಾ ಆರಿಸಿದ್ದಾಯಿತು. ಗಾಯಕಿ ಚರಣ ಎತ್ತಿಕೊಳ್ಳುತ್ತಾರೆ, ಕಾರ್ಡ್ ಹಿಡಿಯಬೇಕು. ವಾದಲ್ಲಿ ತೂಗಿದ ಅಭ್ಯಾಸಕ್ಕೆ ಕಾಲು ತಾನಾಗಿ ಹಿಮ್ಮಡಿಗೆ ಬರುತ್ತದೆ. ಈಗ ಅದು ವಾಲ್ಯೂಮ್ ಪೆಡಲ್, ಹಿಮ್ಮಡಿ ಎಂದರೆ ಸೊನ್ನೆ. ಕೈ ತಂತಿ ಮೀಟುತ್ತಿದೆ, ಸದ್ದಿಲ್ಲ. ಕೇಬಲ್ ಕಿತ್ತಿತೆಂದು ಕೈ ಜಾಕಿನತ್ತ ಹೋಗುತ್ತದೆ, ಮಿಕ್ಸರ್ ಬಳಿ ಕೂತವರು ಚಾನೆಲ್ ಏರಿಸುತ್ತಾರೆ, ಕೀಬೋರ್ಡಿನವರು ತಿರುಗಿ ನೋಡುತ್ತಾರೆ. ಅಷ್ಟರಲ್ಲಿ ಗಾಬರಿಯ ಕಾಲು ಪೆಡಲನ್ನು ಮತ್ತೆ ತುಳಿಯುತ್ತದೆ, ಏರಿಸಿಟ್ಟ ಚಾನೆಲ್ಲಿನಲ್ಲಿ ಗಿಟಾರ್ ಗಾಯಕಿಯ ಸಾಲನ್ನೇ ಮುಚ್ಚಿಹಾಕುತ್ತದೆ. ನಾಲ್ಕು ಬಾರುಗಳಲ್ಲಿ ಆಗಿಹೋಗುವ ಈ ಅನಾಹುತಕ್ಕೆ ನುಡಿಸುವವರನ್ನು ಮಾತ್ರ ಹೊಣೆ ಮಾಡಲು ನಾನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಪ್ರೀಸೆಟ್ ತುಂಬಿ ಕಳಿಸುವವರು ವಾಲ್ಯೂಮಿನ ಕನಿಷ್ಠ ಮಿತಿಯನ್ನು ಸೊನ್ನೆಯಲ್ಲಿಟ್ಟು, ಕೈಪಿಡಿಯಲ್ಲಿ ಅದಕ್ಕೊಂದು ಸಾಲನ್ನೂ ಕೊಡದಿರುವುದು ದೊಡ್ಡ ಲೋಪ. ಆ ಕನಿಷ್ಠವನ್ನು 70ಕ್ಕೆ ಏರಿಸಿದರೆ ಹಿಮ್ಮಡಿ ಇಳಿದರೂ ಗಿಟಾರ್ ಹಿಂದೆ ಸರಿಯುತ್ತದೆಯೇ ಹೊರತು ಮಾಯವಾಗುವುದಿಲ್ಲ.

ವಾ ಯಾವಾಗಲೂ ಸಾಲಿನ ಮೊದಲಿಗೇ ಇರಬೇಕು ಎಂಬ ನಿಯಮವನ್ನು ನಾನು ಅರ್ಧ ಒಪ್ಪುತ್ತೇನೆ. ಡಿಸ್ಟಾರ್ಷನ್ನಿಗೆ ಮುಂಚೆ ಇಟ್ಟರೆ ಶಿಖರದ ಏರಿಳಿತ ಅದುಮಿ ಸಿಗುತ್ತದೆ, ಮಾತಿನ ಗುಣ ಉಳಿಯುತ್ತದೆ. ಆಮೇಲೆ ಇಟ್ಟರೆ ಉಪಸ್ವರ ತುಂಬಿದ ಸದ್ದನ್ನು ಫಿಲ್ಟರ್ ನೇರವಾಗಿ ಕೊರೆಯುತ್ತದೆ, ಸಿಂಥಸೈಜರಿನ ಹಾಗೆ. ಎರಡಕ್ಕೂ ಜಾಗವಿದೆ. ಇದಕ್ಕಿಂತ ಹೆಚ್ಚು ಕೆಡಿಸುವುದು ಸ್ಪೀಕರ್. ಗಿಟಾರ್ ಆಂಪಿನ ಸ್ಪೀಕರ್ 5000 ಹರ್ಟ್ಸ್ ದಾಟಿದ ಮೇಲೆ ಬೇಗ ಸೋಲುತ್ತದೆ. ಪ್ರೊಸೆಸರಿನಿಂದ ನೇರ ಮಿಕ್ಸರಿಗೆ ಹೋದ ಸದ್ದು ಪೂರ್ಣ ಶ್ರೇಣಿಯ ಸ್ಪೀಕರಿನಲ್ಲಿ ಹಾಗೇ ಕೀರುತ್ತದೆ. ಗಿಟಾರ್ ಸ್ಪೀಕರನ್ನು ಅನುಕರಿಸುವ ಕ್ಯಾಬಿನೆಟ್ ಬ್ಲಾಕನ್ನು ಆಫ್ ಮಾಡಿಟ್ಟು ವಾವನ್ನು ಬೈದರೆ ಪ್ರಯೋಜನವಿಲ್ಲ. ಪೆಡಲೇ ಬೇಡ, ಆಟೋ ವಾ ಸಾಕು ಎನ್ನುವವರಿಗೂ ಉತ್ತರವಿದೆ. ಅದು ಮೀಟಿನ ಬಲವನ್ನು ಹಿಂಬಾಲಿಸುತ್ತದೆ, ಒಂದೇ ಲಯದ ಫಂಕಿಗೆ ಚೆನ್ನು. ಮೆಲ್ಲಗೆ ಮೀಟಿ ಪೂರ್ತಿ ತೆರೆಯುವುದು, ಎಳೆದ ಸ್ವರವನ್ನು ಕೊನೆಯಲ್ಲಿ ಮುಚ್ಚುವುದು ಕಾಲಿಗೆ ಮಾತ್ರ ಸಾಧ್ಯ.

ಇನ್ನು ಕ್ಯಾಲಿಬ್ರೇಷನ್ ಎಲ್ಲಿ ಮಾಡಬೇಕು ಎಂಬುದು. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡಿದ್ದು ನಿಂತಾಗ ಹೊಂದುವುದಿಲ್ಲ, ಕಣಕಾಲಿನ ಕೋನವೇ ಬೇರೆ. ಗಣೇಶನ ಪೆಂಡಾಲಿನಂಥ ಕಡೆ ಚಪ್ಪಲಿ ಬಿಟ್ಟು ಹತ್ತುತ್ತೇವೆ. ಶೂ ಹಾಕಿ ಒತ್ತಿದಷ್ಟು ಬಲ ಬರಿಗಾಲ ಬೆರಳಿಗೆ ಬರುವುದಿಲ್ಲ, ಮುಂಗಾಲಿನ ಸ್ವಿಚ್ ಕಚ್ಚುವುದೇ ಇಲ್ಲ. ಆದ್ದರಿಂದ ಸೌಂಡ್ ಚೆಕ್‌ಗೆ ನಿಂತ ಜಾಗದಲ್ಲೇ, ಕಾರ್ಯಕ್ರಮದಲ್ಲಿ ಇರುವ ಕಾಲಲ್ಲೇ, ಹಿಮ್ಮಡಿ ಇಳಿಸಿ ಒಮ್ಮೆ, ಮುಂಗಾಲು ಒತ್ತಿ ಒಮ್ಮೆ ದಾಖಲಿಸಿ, ಸ್ವಿಚ್ಚಿನ ಸೂಕ್ಷ್ಮತೆಯನ್ನು ಬರಿಗಾಲಿಗೆ ತಕ್ಕಂತೆ ಹೆಚ್ಚಿಸಿ. ಆಮೇಲೆ ಎಡಗೈಯಿಂದ ತಂತಿಗಳನ್ನು ಮುಚ್ಚಿ, ಬಲಗೈಯಿಂದ ಬರೀ ಚಕ್ ಚಕ್ ಎಂದು ಉಜ್ಜುತ್ತಾ ಪೆಡಲನ್ನು ಮೆಲ್ಲಗೆ ತೂಗಿ. ಸ್ವರದ ಹಂಗಿಲ್ಲದ ಆ ಸದ್ದಿನಲ್ಲಿ ಊ ಎಲ್ಲಿ ಮುಗಿಯಿತು, ಆ ಎಲ್ಲಿ ಶುರುವಾಯಿತು ಎಂಬುದು ಪಾದಕ್ಕೇ ತಿಳಿಯುತ್ತದೆ.