ಹಳೇ ಕ್ಯಾಮೆರಾ ಕೊಳ್ಳುವ ಮುನ್ನ

ಹಳೆಯ ಡಿಎಸ್‌ಎಲ್‌ಆರ್‌ನ 6 ಮೆಗಾಪಿಕ್ಸೆಲ್ ಕಂಡು ಮೂಗು ಮುರಿಯಬೇಡಿ. 2006ರ ನಿಕಾನ್ ಡಿ40ರ ಸೆನ್ಸರ್, ಜೇಬಿನ ಕ್ಯಾಮೆರಾಗಳ ಸಾಮಾನ್ಯ ಸೆನ್ಸರಿಗಿಂತ ಸುಮಾರು 13 ಪಟ್ಟು ದೊಡ್ಡದು. ಮೊಳಕಾಲ್ಮೂರಿನ ಮಗ್ಗದ ಮನೆಯ ಮಂದ ಬೆಳಕಲ್ಲಿ ರೇಷ್ಮೆ ಸೀರೆಯ ಅಂಚು, ಸೆರಗು ತೆಗೆಯುವವರಿಗೆ ಅದೇ ಸರಿ. ಪುಟ್ಟ ಕ್ಯಾಮೆರಾದಲ್ಲಿ ಜರಿಯೆಲ್ಲ ಕಾಳುಕಾಳಾಗಿ ಕಾಣುತ್ತದೆ.

ಹಾಗೆಂದು ಅಗ್ಗಕ್ಕೆ ಮರುಳಾಗುವುದೂ ಬೇಡ. ಡಿ40ರೊಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರಿಲ್ಲದ ಹಳೆಯ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸುತ್ತ ಕೂರಬೇಕು. ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟು ಹಿಡಿದಿದೆಯೇ ನೋಡಿ, ಬ್ಯಾಟರಿ ಈಗಲೂ ಸಿಗುತ್ತದೆಯೇ ವಿಚಾರಿಸಿ. ಚಳ್ಳಕೆರೆಯ ದೂಳುಗಾಳಿಯಲ್ಲಂತೂ ಲೆನ್ಸ್ ಬದಲಿಸಲೇಬೇಡಿ; ಸೆನ್ಸರ್ ಮೇಲೆ ಕೂತ ಕಣ ಚಿತ್ರದಿಂದ ಚಿತ್ರಕ್ಕೆ ಚುಕ್ಕೆಯಾಗಿ ಕಾಡುತ್ತದೆ.

ನಾಯಕನಹಟ್ಟಿ ತೇರಿನ ನೂಕುನುಗ್ಗಲಿಗೆ? ಜೇಬಿಗಿಳಿಯುವುದೇ ಸಾಕು. ಬಯಲು ಬಿಸಿಲಿನಲ್ಲಿ ಎರಡರ ಚಿತ್ರಕ್ಕೂ ಅಂಥ ವ್ಯತ್ಯಾಸ ಕಾಣದು, ಕೊರಳಿಗೆ ಭಾರವೂ ಇಲ್ಲ.