ವಯೋಧರ್ಮವೂ ನಾದರುಚಿಯೂ

ಶೈಶವದಲ್ಲಿ ಜೋಗುಳ, ಹರೆಯದಲ್ಲಿ ಶೃಂಗಾರಗೀತ, ಮುಪ್ಪಿನಲ್ಲಿ ಭಜನೆ: ವಯಸ್ಸಿನೊಡನೆ ನಾದರುಚಿ ಮಾರ್ಪಡುವುದು ಲೋಕಾನುಭವ. ಇದಕ್ಕೆ ದೇಹಧರ್ಮವೂ ಒಂದು ಕಾರಣ. ವೃದ್ಧಾಪ್ಯದಲ್ಲಿ ಕಿವಿಯು ಮೊದಲು ತಾರಧ್ವನಿಗಳನ್ನು ಗ್ರಹಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಾದ್ಯಘೋಷದ ನಡುವೆ ಮಾತನ್ನು ಬೇರ್ಪಡಿಸಿ ಕೇಳುವುದು ಕಠಿನವಾಗುತ್ತದೆ. ಹರೆಯದಲ್ಲಿ ಕೇಳಿದ ಹಾಡಾದರೋ ನೆನಪಿನಲ್ಲಿ ಬೇರೂರಿರುತ್ತದೆ. ಆದುದರಿಂದ ಹಿರಿಯರಿಗೆ ಹೊಸ ಗಾನವು ಬರಿಯ ಸದ್ದೆನಿಸುವುದು ಸಹಜ. ಆದರೆ ಇಂದ್ರಿಯದ ಕುಂದನ್ನೇ ಮನಸ್ಸಿನ ಪಕ್ವತೆಯೆಂದೆಣಿಸಿ, ಮಕ್ಕಳ ಹಾಡನ್ನು “ಇದೂ ಒಂದು ಸಂಗೀತವೇ!” ಎಂದು ಜರೆಯುವುದು ಅವಿಚಾರ. ಅದರಿಂದ ಮನೆಯೊಳಗಿನ ಸೌಹಾರ್ದವೇ ಕೆಡುವುದು.

ಹಾಗಾದರೆ ಪಕ್ವತೆಯ ಲಕ್ಷಣವೇನು? ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದರು. ಮುಂದೆ ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಗಾಯಕರೆನಿಸಿಕೊಂಡ ಮೇಲೂ ಮತ್ತೆ ಶಿಷ್ಯರಾಗಿ, ಮಂಜೀಖಾನ್, ಬುರ್ಜೀಖಾನರಿಂದ ಜಯಪುರ-ಅತ್ರೌಲಿ ಗಾಯಕಿಯನ್ನು ಸಾಧಿಸಿದರು. 1992ರಲ್ಲಿ ಲಿಂಗೈಕ್ಯರಾದ ಅವರ ಕಂಠದಲ್ಲಿ ಪ್ರೌಢರಾಗಗಳೂ ವಚನಗಳೂ ಒಂದೇ ನಿಷ್ಠೆಯಿಂದ ಹೊಮ್ಮಿದವು. ಅವರ ರುಚಿಯನ್ನು ಹಣ್ಣಾಗಿಸಿದುದು ಬರಿಯ ವಯಸ್ಸಲ್ಲ, ಕಲಿಯುವ ವಿನಯ.

ತಾಳಲಯಗಳನ್ನರಿಯದಿದ್ದರೂ ಒಲಿದಂತೆ ಹಾಡುವೆನೆಂದು ಬಸವಣ್ಣನವರು ದೇವನಿಗೆ ಬಿನ್ನವಿಸಿಕೊಂಡರು. ಅಲ್ಲಿ ಒಲವೇ ಪ್ರಧಾನ, ಗಾನರೀತಿ ಗೌಣ. ಈ ನೋಟವನ್ನು ಮನೆಯೊಳಕ್ಕೂ ತಂದುಕೊಳ್ಳಬೇಕು. ಹಿರಿಯರು ತಮ್ಮ ಮೆಚ್ಚಿನ ಹಾಡನ್ನು ಮಕ್ಕಳಿಗೆ ಪ್ರೀತಿಯಿಂದ ಕೇಳಿಸಲಿ. ಅವರು ಮೆಚ್ಚಿದುದನ್ನು ತಾವೂ ತಾಳ್ಮೆಯಿಂದ ಕೇಳಲಿ. ಕಿವಿ ಮಂದವಾದರೂ ಹೃದಯ ಮಂದವಾಗದಿರುವುದೇ ನಿಜವಾದ ಹಿರಿತನ.