ನಕ್ಷತ್ರಕಳ್ಳಿ

ಕಳ್ಳಿ ಎಂದೊಡನೆ ನಮಗೆ ಮುಳ್ಳಿನ ನೆನಪಾಗುವುದು ಸಹಜ. ಆದರೆ ಮುಳ್ಳಿಲ್ಲದ ಕಳ್ಳಿಯೂ ಉಂಟು. ಅದರ ಶಾಸ್ತ್ರೀಯ ನಾಮ ಆಸ್ಟ್ರೋಫೈಟಮ್ ಆಸ್ಟೀರಿಯಾಸ್. ನಾವು ನಕ್ಷತ್ರಕಳ್ಳಿ ಎನ್ನೋಣ. ದಕ್ಷಿಣ ಟೆಕ್ಸಾಸ್ ಹಾಗೂ ಈಶಾನ್ಯ ಮೆಕ್ಸಿಕೋದ ಒಣನೆಲವೇ ಇದರ ತವರು. ನಮ್ಮ ಬೇಲಿಗಳ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದ ಬಂದ ಇದರ ಬಂಧುವೇ.

ಇದರದು ಚಪ್ಪಟೆಯಾದ ದುಂಡು ಮೈ. ಸಾಮಾನ್ಯವಾಗಿ 8 ಏಣುಗಳು. ಮೈಮೇಲೆಲ್ಲ ಬಿಳಿಯ ಚುಕ್ಕೆಗಳು. ಅಗಲ 15 ಸೆಂಟಿಮೀಟರನ್ನು ಮೀರುವುದು ಅಪೂರ್ವ. ಬರಗಾಲದಲ್ಲಿ ಒಡಲು ಕುಗ್ಗಿ ನೆಲದ ಮಟ್ಟಕ್ಕಿಳಿಯುತ್ತದೆ. ಹಗಲು ಮೈಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯನ್ನು ಸೇವಿಸುವುದರಿಂದ ನೀರು ಉಳಿಯುತ್ತದೆ. ಹೂವು ಹಳದಿ, ನಡುವೆ ಕೆಂಪು.

ಇದನ್ನು ಬೆಳೆಸುವುದು ಹೇಗೆ? ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ದಪ್ಪ ಮರಳನ್ನೂ ಇಟ್ಟಿಗೆಯ ಚೂರನ್ನೂ ಹೆಚ್ಚಾಗಿ, ಮಣ್ಣನ್ನು ಕಡಿಮೆಯಾಗಿ ಬೆರೆಸಿ ತುಂಬೋಣ. ಬೆಳಕು ಧಾರಾಳವಾಗಿ ಬೀಳುವ ಕಿಟಕಿಯಲ್ಲಿಡೋಣ. ಮಣ್ಣು ಪೂರ್ಣವಾಗಿ ಒಣಗಿದ ಮೇಲೆಯೇ ನೀರೆರೆಯಬೇಕು. ಚಳಿಗಾಲದಲ್ಲಿ ನೀರು ಬಹುಮಟ್ಟಿಗೆ ಬೇಡ. ಮಳೆಗಾಲದಲ್ಲಿ ಸೂರಿನಡಿ ಇಡಬೇಕು. ಅಕ್ಕರೆಯಿಂದ ದಿನವೂ ನೀರೆರೆಯುವವರ ಕೈಯಲ್ಲಿಯೇ ಇದರ ಬೇರು ಬೇಗ ಕೊಳೆಯುತ್ತದೆ!

ಬೀಜ ಬೇಕಾದರೆ ಎರಡು ಗಿಡಗಳಿರಬೇಕು. ತನ್ನದೇ ಪರಾಗದಿಂದ ಇದು ಸಾಮಾನ್ಯವಾಗಿ ಬೀಜ ಕಟ್ಟದು. ಇದರ ಸಂಕಟವೂ ಇಲ್ಲಿಯೇ ಅಡಗಿದೆ. ಅಂದಕ್ಕೆ ಮರುಳಾದವರು ತವರಿನ ನೆಲದಿಂದ ಗಿಡಗಳನ್ನು ಕಿತ್ತೊಯ್ದರೆ, ಒಂಟಿಯಾಗಿ ಉಳಿದ ಗಿಡ ಹೂಬಿಟ್ಟೂ ಬಂಜೆಯಾಗುತ್ತದೆ. 1993ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಇದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು.

ಆದುದರಿಂದ ಗಿಡ ಕೊಳ್ಳುವ ಮೊದಲು, ಅದು ತೋಟದಲ್ಲಿ ಬೀಜದಿಂದ ಬೆಳೆದುದೇ ಎಂದು ವಿಚಾರಿಸುವುದು ನಮ್ಮ ಕರ್ತವ್ಯ. ಬೀಜದ ಸಸಿ ಹೂಬಿಡಲು ವರ್ಷಗಳೇ ಬೇಕು. ಅಷ್ಟು ತಾಳ್ಮೆಯನ್ನು ನಾವೂ ಕಲಿಯೋಣ.